ಉತ್ಪಾದನಾಂಗಗಳನ್ನು ಒಂದೇ ಗಿರಣಿಯ ಮುಂದೆ ನಿಂತು ಓದುವುದು ಹೇಗೆ

ಭೂಮಿ, ಶ್ರಮ, ಬಂಡವಾಳ, ಸಂಘಟನೆ. ಏನನ್ನೇ ತಯಾರಿಸಲು ಬೇಕಾಗುವ ನಾಲ್ಕು ಉತ್ಪಾದನಾಂಗಗಳು ಇವು. ಈ ನಾಲ್ಕು ಪದ ಬೋರ್ಡಿನ ಮೇಲೆ ಬರೆದ ಕೂಡಲೇ ತರಗತಿಯಲ್ಲಿ ಅರ್ಧ ಜನ ಪೆನ್ನು ಕೆಳಗಿಡುತ್ತಾರೆ. ಗೊತ್ತಿರುವುದೇ ಅಲ್ವಾ? ಭೂಮಿಗೆ ಗೇಣಿ, ಶ್ರಮಕ್ಕೆ ಕೂಲಿ, ಬಂಡವಾಳಕ್ಕೆ ಬಡ್ಡಿ, ಸಂಘಟನೆಗೆ ಲಾಭ. ಬಾಯಿಪಾಠ ಆಯಿತು, ಮುಗಿಯಿತು.

ನಾನು ಅರ್ಥಶಾಸ್ತ್ರ, ಇತಿಹಾಸ ಎರಡನ್ನೂ ಪಾಠ ಮಾಡುವವಳು. ಮೊದಲ ಆರೇಳು ವರ್ಷ ನಾನೂ ಹೀಗೇ ಹೇಳಿಕೊಟ್ಟೆ. ನಾಲ್ಕು ಚೌಕ, ಚೌಕಕ್ಕೊಂದು ವ್ಯಾಖ್ಯೆ. ಆಮೇಲೊಂದು ದಿನ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಪಾಠದ ನಡುವೆ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಗಿರಣಿಯ ಚಕ್ರ ತಿರುಗಿಸೋ ನೀರು ಭೂಮಿನಾ, ಬಂಡವಾಳಾನಾ?" ನಾನು ಭೂಮಿ ಅಂದೆ, ಪ್ರಕೃತಿ ಕೊಟ್ಟದ್ದೆಲ್ಲ ಅರ್ಥಶಾಸ್ತ್ರದಲ್ಲಿ ಭೂಮಿಯ ಲೆಕ್ಕವೇ ತಾನೇ. ಅವಳು ಬಿಡಲಿಲ್ಲ. "ಕಾಲುವೆ ತೋಡಿದ್ದು ಮನುಷ್ಯರಲ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ನಾನು ಪಾಠ ಮಾಡುವ ಕ್ರಮವೇ ಬದಲಾಯಿತು. ಈಗ ವ್ಯಾಖ್ಯೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಒಂದು ಗಿರಣಿ. ನೀವು ಪರೀಕ್ಷೆಗೆ ಓದುತ್ತಿರಿ, ಮಕ್ಕಳಿಗೆ ಹೇಳಿಕೊಡುತ್ತಿರಿ, ಸುಮ್ನೆ ಆಸಕ್ತಿಗೆ ಓದುತ್ತಿರಿ, ಈ ಕ್ರಮ ಕೆಲಸಕ್ಕೆ ಬರುತ್ತದೆ.

ಒಂದೇ ಗಿರಣಿ ಆರಿಸಿಕೊಳ್ಳಿ

"ಇಂಗ್ಲೆಂಡಿನ ಕಾರ್ಖಾನೆಗಳು" ಅಂತ ಒಟ್ಟಾಗಿ ಯೋಚಿಸಲು ಹೋಗಬೇಡಿ. ಹಾಗೆ ಯೋಚಿಸಿದರೆ ಹೊಗೆ ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಒಂದು ಜಾಗ, ಒಂದು ವರ್ಷ ಹಿಡಿಯಿರಿ. ನಾನು ಹಿಡಿಯುವುದು ಡರ್ಬಿಶೈರಿನ ಕ್ರಾಮ್‌ಫರ್ಡ್, 1771. ರಿಚರ್ಡ್ ಆರ್ಕ್‌ರೈಟ್ ಅಲ್ಲಿ ನೀರಿನ ಬಲದಿಂದ ನಡೆಯುವ ಹತ್ತಿ ನೂಲಿನ ಗಿರಣಿ ಶುರು ಮಾಡಿದ. ಇಂದು ಅದು ಡರ್ವೆಂಟ್ ಕಣಿವೆಯ ಗಿರಣಿಗಳ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಒಂದು ದೊಡ್ಡ ಹಾಳೆಯ ನಡುವೆ ಗಿರಣಿ ಅಂತ ಬರೆದು ಸುತ್ತ ಖಾಲಿ ಬಿಡಿ. ಮುಂದಿನದೆಲ್ಲ ಆ ಖಾಲಿ ಜಾಗಕ್ಕೆ ಬರುತ್ತದೆ.

ಗಿರಣಿಗಿಂತ ಮುಂಚೆ ಮನೆ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಗಿರಣಿ ಬರುವ ಮೊದಲೂ ಬಟ್ಟೆ ಆಗುತ್ತಿತ್ತು. ವ್ಯಾಪಾರಿ ಅರಳೆಯನ್ನೋ ಉಣ್ಣೆಯನ್ನೋ ಹಳ್ಳಿಯ ಮನೆಗಳಿಗೆ ಹಂಚುತ್ತಿದ್ದ. ಹೆಂಗಸರು, ಮಕ್ಕಳು ಹಿಂಜಿ ನೂಲುತ್ತಿದ್ದರು. ಗಂಡಸು ಮಗ್ಗದ ಮೇಲೆ ಕೂರುತ್ತಿದ್ದ. ವ್ಯಾಪಾರಿ ಮತ್ತೆ ಬಂದು, ಕೂಲಿ ಕೊಟ್ಟು, ಬಟ್ಟೆ ಒಯ್ಯುತ್ತಿದ್ದ.

ಇಲ್ಲಿ ನಾಲ್ಕೂ ಉತ್ಪಾದನಾಂಗ ಇವೆ, ಗಮನಿಸಿ. ಜಾಗ ಮನೆಯದು, ಶ್ರಮ ಮನೆಯವರದು. ರಾಟೆ, ಮಗ್ಗ, ವ್ಯಾಪಾರಿಯ ಅರಳೆ ಬಂಡವಾಳ. ಊರೂರು ಸುತ್ತಿ ಎಲ್ಲವನ್ನೂ ಹೊಂದಿಸುತ್ತಿದ್ದ ಅವನದೇ ಸಂಘಟನೆ. ಆದ್ದರಿಂದ "ಕಾರ್ಖಾನೆ ಬಂದಾಗ ಉತ್ಪಾದನಾಂಗಗಳು ಒಂದಾದವು" ಅಂತ ಬರೆದರೆ ನಾನು ಅಂಕ ಕಳೆಯುತ್ತೇನೆ. ಒಂದಾಗಿಯೇ ಇದ್ದವು. ಬದಲಾಗಿದ್ದು ಯಾವುದು ಯಾರ ಕೈಯಲ್ಲಿತ್ತು, ಎಲ್ಲಿತ್ತು ಅನ್ನುವುದು.

ಆ ಮನೆಯ ಏರ್ಪಾಡು ಕೆಡಲು ಶುರುವಾಗಿದ್ದು ನೂಲಿನ ಕಡೆಯಿಂದ. 1733ರಲ್ಲಿ ಜಾನ್ ಕೇ ಹಾರುವ ಲಾಳಿಗೆ (ಮಗ್ಗದಲ್ಲಿ ಅಡ್ಡ ನೂಲನ್ನು ಒಯ್ಯುವ ಸಾಧನ) ಪೇಟೆಂಟ್ ಪಡೆದ. ಅದು ನಿಧಾನವಾಗಿ ಹರಡಿದಂತೆ ನೇಯ್ಗೆ ಚುರುಕಾಯಿತು. ಮೊದಲೇ ಒಬ್ಬ ನೇಕಾರನಿಗೆ ನೂಲು ಒದಗಿಸಲು ಹಲವರು ಬೇಕಿತ್ತು. ಈಗ ನೂಲಿಗೆ ಇನ್ನೂ ಬರ ಬಂತು. (ಆರ್ಕ್‌ರೈಟ್ ಜೊತೆ ಯಂತ್ರ ಮಾಡಿದ ಗಡಿಯಾರ ಕೆಲಸಗಾರನ ಹೆಸರೂ ಜಾನ್ ಕೇ. ಇಬ್ಬರೂ ಬೇರೆ ಬೇರೆ. ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಈ ಇಬ್ಬರನ್ನೂ ಒಬ್ಬನನ್ನಾಗಿ ಮಾಡುತ್ತಾರೆ, ದಯವಿಟ್ಟು ನೋಡಿಕೊಳ್ಳಿ.)

ಕೈಯಲ್ಲಿ ಹತ್ತಿ ಹಿಡಿಯಿರಿ

ಈಗ ಪುಸ್ತಕ ಮುಚ್ಚಿ. ಗಾಯಕ್ಕೆ ಹಚ್ಚುವ ಹತ್ತಿ ಸಾಕು, ಚಿಟಿಕೆಯಷ್ಟು ತೆಗೆದುಕೊಳ್ಳಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ.

ಬೆರಳುಗಳು ತೀರ ಹತ್ತಿರ ಇದ್ದರೆ ಹತ್ತಿ ಜಗ್ಗುವುದೇ ಇಲ್ಲ. ಒಂದೊಂದು ಎಳೆಯ ಎರಡೂ ತುದಿ ನಿಮ್ಮ ಹಿಡಿತದಲ್ಲೇ ಇರುತ್ತದೆ. ತೀರ ದೂರ ಹಿಡಿದರೆ ಪಟ್ಟನೆ ಬಿಟ್ಟು ಬರುತ್ತದೆ. ಎಳೆಯ ಉದ್ದಕ್ಕಿಂತ ಚೂರೇ ಜಾಸ್ತಿ ಅಂತರ ಬಿಟ್ಟು ಹಿಡಿದು ನೋಡಿ. ಎಳೆಗಳು ಒಂದರ ಪಕ್ಕ ಒಂದು ಜಾರುತ್ತಾ ಹೋಗುತ್ತವೆ. ಪಟ್ಟಿ ತೆಳ್ಳಗಾಗುತ್ತದೆ, ಆದರೆ ಕಡಿಯುವುದಿಲ್ಲ. ಈಗ ಹೊಸೆಯಿರಿ. ನೂಲಾಯಿತು.

ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ಯಂತ್ರ ಮಾಡಿದ್ದು ಇಷ್ಟೇ. ನಿಮ್ಮ ಬೆರಳಿನ ಜಾಗದಲ್ಲಿ ಜೋಡಿ ಜೋಡಿ ರೋಲರುಗಳು. ಹಿಂದಿನ ಜೋಡಿಗಿಂತ ಮುಂದಿನದು ವೇಗವಾಗಿ ತಿರುಗುತ್ತದೆ, ಹಂಜಿ, ಅಂದರೆ ಹಿಂಜಿದ ಹತ್ತಿಯ ಪಟ್ಟಿ, ಎಳೆದುಕೊಂಡು ತೆಳುವಾಗುತ್ತದೆ. ಆಮೇಲೆ ಕದಿರು, ಅಂದರೆ ತಿರುಗುವ ನೂಲಿನ ಕಡ್ಡಿ, ಅದನ್ನು ಹುರಿ ಮಾಡುತ್ತದೆ. ರೋಲರಿನ ಉಪಾಯ ಅವನದಲ್ಲ. 1738ರಲ್ಲೇ ಲೂಯಿಸ್ ಪಾಲ್ ಅದಕ್ಕೆ ಪೇಟೆಂಟ್ ಪಡೆದಿದ್ದ, ಜಾನ್ ವ್ಯಾಟ್ ಜೊತೆಗಿದ್ದ. ಅವರ ಯಂತ್ರ ಲಾಭಕ್ಕೆ ನಡೆಯಲಿಲ್ಲ. ರೋಲರುಗಳ ನಡುವಿನ ಅಂತರ, ಅವನ್ನು ಒತ್ತಿ ಹಿಡಿಯುವ ತೂಕ, ಇವೆರಡನ್ನೂ ಸರಿಯಾಗಿ ಕೂರಿಸಿದ್ದರಲ್ಲೇ ಆರ್ಕ್‌ರೈಟ್ ಗೆದ್ದಿದ್ದು.

ಈ ನೂಲು ಗಟ್ಟಿ. ನಾವು ಮಾತಿನಲ್ಲಿ ಹಾಸುಹೊಕ್ಕು ಅನ್ನುತ್ತೇವಲ್ಲ, ಆ ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟುವ ನೂಲು. ಅದು ಜಗ್ಗಾಟ ತಡೆಯಬೇಕು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ನೂಲುತ್ತಿದ್ದ ಹತ್ತಿ ನೂಲು ಹಾಸಿನ ಎಳೆಗೆ ಬೇಕಾದಷ್ಟು ಗಟ್ಟಿ ಇರಲಿಲ್ಲ. ಹಾಸಿನ ಎಳೆಗೆ ಲಿನನ್ ಹಾಕಿ, ಅಡ್ಡಕ್ಕೆ ಹೋಗುವ ಹೊಕ್ಕಿಗೆ ಮಾತ್ರ ಹತ್ತಿ ಬಳಸುತ್ತಿದ್ದರು. ಪೂರ್ತಿ ಹತ್ತಿಯ ಒಳ್ಳೆಯ ಬಟ್ಟೆ ಭಾರತದಿಂದ ಹೋಗುತ್ತಿತ್ತು. ಕ್ಯಾಲಿಕೋ ಎಂಬ ಹೆಸರೇ ಕಲ್ಲಿಕೋಟೆಯದು. ಆ ಬಟ್ಟೆಗೆ ಅಲ್ಲಿ ಎಷ್ಟು ಬೇಡಿಕೆ ಇತ್ತೆಂದರೆ, 1700 ಮತ್ತು 1721ರಲ್ಲಿ ಕಾನೂನು ಮಾಡಿ ಅದನ್ನು ತಡೆಯಬೇಕಾಯಿತು. ಈ ಹಿನ್ನೆಲೆಯನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಮಾರುಕಟ್ಟೆ ಎಲ್ಲಿಂದ ಬಂತು ಅನ್ನುವುದಕ್ಕೆ ಇದೇ ಉತ್ತರ.

ಸುಮಾರು 1764ರಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್ ಮಾಡಿದ ಜೆನ್ನಿ ಎಂಬ ನೂಲುವ ಯಂತ್ರವನ್ನು ಮನೆಯ ಮೂಲೆಯಲ್ಲಿಟ್ಟು ಕೈಯಿಂದ ತಿರುಗಿಸಬಹುದಿತ್ತು. ಆರ್ಕ್‌ರೈಟ್‌ನ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಓಡಿಸಲು ನಿಲ್ಲದ, ಏರಿಳಿಯದ ಬಲ ಬೇಕಿತ್ತು. ನಾಟಿಂಗ್‌ಹ್ಯಾಮ್‌ನಲ್ಲಿ ಮೊದಲು ಕುದುರೆ ಕಟ್ಟಿ ನೋಡಿದರು. ಆಮೇಲೆ ನೀರನ್ನು ಹುಡುಕಿಕೊಂಡು ಕ್ರಾಮ್‌ಫರ್ಡ್‌ಗೆ ಹೋದರು.

ನಾಲ್ಕನ್ನೂ ಗಿರಣಿಯ ಸುತ್ತ ಬರೆಯಿರಿ

ಭೂಮಿಯಿಂದ ಶುರು ಮಾಡೋಣ, ಆ ಹುಡುಗಿಯ ಪ್ರಶ್ನೆ ಇರುವುದೂ ಇಲ್ಲೇ. ಗಿರಣಿ ಡರ್ವೆಂಟ್ ನದಿಯ ಪಕ್ಕದಲ್ಲಿದೆ. ಅದಕ್ಕೇ ನದಿಯ ನೀರಿನಿಂದ ನಡೆಯಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಮೊದಲ ಗಿರಣಿಗೆ ನೀರು ಬಂದದ್ದು ಬಾನ್ಸಲ್ ಹಳ್ಳದಿಂದ ಮತ್ತು ಕ್ರಾಮ್‌ಫರ್ಡ್ ಸಫ್‌ನಿಂದ. ಸಫ್ ಅಂದರೆ ಸೀಸದ ಗಣಿಗಳಲ್ಲಿ ತುಂಬುವ ನೀರನ್ನು ಹೊರಗೆ ಹರಿಸಲು ಗಣಿಯವರು ನೆಲದೊಳಗೆ ಕೊರೆದ ಕಾಲುವೆ. ಆ ನೀರು ಸ್ವಲ್ಪ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ವರ್ಷಪೂರ್ತಿ ಚಕ್ರ ತಿರುಗುತ್ತಿತ್ತು.

ಅಂದರೆ ಯಾರೋ ಬೇರೆ ಕೆಲಸಕ್ಕೆ ದುಡ್ಡು ಸುರಿದು ಕೊರೆದದ್ದು ಆರ್ಕ್‌ರೈಟ್‌ಗೆ ಹಳ್ಳದ ಹಾಗೆ ಸಿಕ್ಕಿತು. ಗಣಿಯವನಿಗೆ ಅದು ಬಂಡವಾಳ, ಗಿರಣಿಯವನಿಗೆ ಭೂಮಿ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಎಷ್ಟು ನೇರವಾಗಿತ್ತು ಅಂದರೆ, ಅದೇ ಜಗಳ ಕೋರ್ಟಿಗೂ ಹೋಗಿತ್ತು. ಗಣಿಯವರು ಇನ್ನೂ ಆಳದಲ್ಲಿ ಮತ್ತೊಂದು ಸಫ್ ಕೊರೆದಾಗ ಮೇಲಿನದರ ನೀರು ಕಡಿಮೆಯಾಗತೊಡಗಿತು. ಆರ್ಕ್‌ರೈಟ್ ಮನೆತನ ದಾವೆ ಹೂಡಿತು. 1839ರಲ್ಲಿ ತೀರ್ಪು ಬಂತು: ಇದು ತಾನಾಗಿ ಹರಿಯುವ ಹೊಳೆಯಲ್ಲ, ಗಣಿ ಒಣಗಿಸಲು ಮನುಷ್ಯರು ಹರಿಸಿದ ನೀರು, ಇದನ್ನು ಹೀಗೇ ಬಿಡುತ್ತಿರಿ ಎಂದು ಕೇಳುವ ಹಕ್ಕು ಗಿರಣಿಗಿಲ್ಲ. 1840ರ ದಶಕದಲ್ಲಿ ನೀರು ಕುಗ್ಗಿತು, ಕ್ರಾಮ್‌ಫರ್ಡ್‌ನಲ್ಲಿ ನೂಲುವ ಕೆಲಸವೂ ಕುಗ್ಗಿತು. ಒಂದು ವಸ್ತುವನ್ನು ಯಾವ ಚೌಕದಲ್ಲಿ ಬರೆಯುತ್ತೀರಿ ಅನ್ನುವುದು ಬರೀ ಪರೀಕ್ಷೆಯ ಮಾತಲ್ಲ.

ಭೂಮಿಯ ಇನ್ನೊಂದು ತುಂಡು ಸಾವಿರಾರು ಮೈಲಿ ಆಚೆ ಇದೆ. ಇಂಗ್ಲೆಂಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ವೆಸ್ಟ್ ಇಂಡೀಸ್‌ನಿಂದ, ಮೆಡಿಟರೇನಿಯನ್ ಪೂರ್ವ ದಡದ ಲೆವಾಂಟ್‌ನಿಂದ, ಬ್ರೆಜಿಲ್‌ನಿಂದ ಬರುತ್ತಿತ್ತು. 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಎಲಿ ವಿಟ್ನಿಯ ಜಿನ್ ಯಂತ್ರ ಬಂದ ಮೇಲೆ ಹೆಚ್ಚೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂತು. ಅಮೆರಿಕದಲ್ಲೂ ವೆಸ್ಟ್ ಇಂಡೀಸ್‌ನಲ್ಲೂ ಹತ್ತಿ ಬಿಡಿಸಿದವರು ಗುಲಾಮರು. ಈಗ "ಶ್ರಮಕ್ಕೆ ಕೂಲಿ" ಅನ್ನುವ ಸಾಲನ್ನು ಮತ್ತೆ ಓದಿ. ಅವರ ಪಾಲಿಗೆ ಏನು ಬರೆಯುತ್ತೀರಿ? ಏನೂ ಇಲ್ಲ. ಯಜಮಾನನ ಲೆಕ್ಕದ ಪುಸ್ತಕದಲ್ಲಿ ಅವರು ಶ್ರಮಿಕರಲ್ಲ, ಆಸ್ತಿ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ತೆಗೆಯುವ ಕಾನೂನು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಇಟ್ಟಿತು. ಆ ಹಣ ಹೋದದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಹಾಳೆಯ ಮೇಲೆ ಈ ಜಾಗ ಖಾಲಿ ಬಿಡಬೇಡಿ, "ಕೂಲಿ: ಇಲ್ಲ" ಅಂತಲೇ ಬರೆಯಿರಿ. ನನ್ನ ತರಗತಿಯಲ್ಲಿ ಇದನ್ನು ಬರೆಸುವಾಗ ಗದ್ದಲ ತಾನಾಗಿ ನಿಲ್ಲುತ್ತದೆ.

ಇನ್ನು ಗಿರಣಿಯ ಒಳಗಿನ ಶ್ರಮ. ಕ್ರಾಮ್‌ಫರ್ಡ್ ಚಿಕ್ಕ ಹಳ್ಳಿ, ಜನ ಸಾಲುತ್ತಿರಲಿಲ್ಲ. 1771ರ ಡಿಸೆಂಬರಿನಲ್ಲಿ ಡರ್ಬಿಯ ಪತ್ರಿಕೆಯಲ್ಲಿ ಕೆಲಸಗಾರರು ಬೇಕು ಅಂತ ಜಾಹೀರಾತು ಬಂತು. ಮೊದಲು ಕೇಳಿದ್ದು ಯಾರನ್ನು ಗೊತ್ತಾ? ಗಡಿಯಾರ ಮಾಡುವವರನ್ನು, ಹಲ್ಲುಚಕ್ರದ ಕೆಲಸ ಬಲ್ಲವರನ್ನು. ಜೊತೆಗೆ ಕಮ್ಮಾರ, ಮರ ಕಡೆಯುವವರು. ನೂಲಲು ಹೆಂಗಸರು, ಮಕ್ಕಳು. ಹೆಚ್ಚು ಮಕ್ಕಳಿರುವ ಕುಟುಂಬಗಳೇ ಬೇಕಾಗಿದ್ದವು.

ಅವರಿಗಾಗಿ 1776ರಲ್ಲಿ ನಾರ್ತ್ ಸ್ಟ್ರೀಟ್ ಎಂಬ ಬೀದಿಯನ್ನೇ ಕಟ್ಟಿಸಿದರು. ಆ ಮನೆಗಳು ಈಗಲೂ ಇವೆ. ಮೂರು ಅಂತಸ್ತು. ಮೇಲಿನ ಅಂತಸ್ತಿನ ಕಿಟಕಿ ಉದ್ದಕ್ಕೆ ಚಾಚಿಕೊಂಡಿದೆ, ಮಗ್ಗಕ್ಕೆ ಬೆಳಕು ಬೇಕಲ್ಲ. ಹೆಂಡತಿ, ಮಕ್ಕಳು ಗಿರಣಿಗೆ ಹೋಗುತ್ತಿದ್ದರು. ಗಂಡಸು ಅದೇ ಮನೆಯ ಮೇಲೆ ಕೂತು ನೇಯುತ್ತಿದ್ದ. ಗಿರಣಿ ಬಂದ ಮರುದಿನವೇ ಮನೆಗೆಲಸ ಸತ್ತಿತು ಅಂದುಕೊಳ್ಳುವವರಿಗೆ ನಾನು ಆ ಕಿಟಕಿಯ ಚಿತ್ರ ತೋರಿಸುತ್ತೇನೆ. ಗಿರಣಿ ನೂಲು ಅಗ್ಗವಾದ ಮೇಲೆ ಕೈಮಗ್ಗದವರ ಸಂಖ್ಯೆ ಹಲವು ದಶಕ ಏರಿತು. ಅವರು ನೆಲಕಚ್ಚಿದ್ದು ಯಂತ್ರಮಗ್ಗ ಹರಡಿದ ಮೇಲೆ.

ಆದರೆ ಶ್ರಮದ ಚೌಕದಲ್ಲಿ ಅತಿ ದೊಡ್ಡ ಬದಲಾವಣೆ ಗಡಿಯಾರ. ಮನೆಯಲ್ಲಿ ನೇಯುವವನು ಸೋಮವಾರ ಕೈ ಕಟ್ಟಿ ಕೂತು, ವಾರದ ಕೊನೆಗೆ ರಾತ್ರಿಯೆಲ್ಲ ದುಡಿದು ಮುಗಿಸಬಹುದಿತ್ತು. ಆ ಸೋಮವಾರಕ್ಕೆ ಸೇಂಟ್ ಮಂಡೇ ಎಂಬ ಹೆಸರೇ ಇತ್ತು. ನೀರಿನ ಚಕ್ರ ಯಾರಿಗೂ ಕಾಯುವುದಿಲ್ಲ. ಕ್ರಾಮ್‌ಫರ್ಡ್‌ನಲ್ಲಿ 12 ಗಂಟೆಯ ಪಾಳಿ, ಹಗಲೂ ರಾತ್ರಿಯೂ. ಗೇಟು ಮುಚ್ಚಿದ ಮೇಲೆ ಬಂದವರಿಗೆ ಕೂಲಿ ಕಟ್. ಏಳೆಂಟು ವರ್ಷದ ಮಕ್ಕಳೂ ದುಡಿದರು. ಬಟ್ಟೆ ಗಿರಣಿಗಳಲ್ಲಿ 9 ವರ್ಷಕ್ಕಿಂತ ಚಿಕ್ಕವರನ್ನು ಇಟ್ಟುಕೊಳ್ಳಬಾರದು, 9ರಿಂದ 13ರವರಿಗೆ ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಅನ್ನುವ ಕಾನೂನು ಬಂದದ್ದು 1833ರಲ್ಲಿ. ಇಡೀ ದೇಶಕ್ಕೆ ನೇಮಿಸಿದ ತನಿಖಾಧಿಕಾರಿಗಳು ನಾಲ್ಕೇ ಜನ. ಶ್ರಮ ಅಂತ ಒಂದೇ ಪದ ಬರೆದು ಮುಂದೆ ಹೋಗುವಾಗ ಈ ಮಕ್ಕಳ ವಯಸ್ಸನ್ನೂ ಪಕ್ಕದಲ್ಲಿ ಬರೆಯಿರಿ. ನನ್ನ ಎದುರು ಬೆಂಚಿನಲ್ಲಿ ಕೂರುವವರಿಗಿಂತ ಎಷ್ಟೋ ಚಿಕ್ಕವರು ಅವರು.

ಬಂಡವಾಳದ ಬಗ್ಗೆ ಒಂದೇ ಮಾತು ನೆನಪಿಡಿ: ಷೇರು ಮಾರುಕಟ್ಟೆ ಕಲ್ಪಿಸಿಕೊಳ್ಳಬೇಡಿ. 1720ರ ಬಬಲ್ ಕಾಯಿದೆಯಿಂದಾಗಿ ಕಂಪನಿ ಕಟ್ಟಿ ಷೇರು ಮಾರುವುದು ಕಷ್ಟವಿತ್ತು. ಅದು ರದ್ದಾದದ್ದು 1825ರಲ್ಲಿ. ಬಡ್ಡಿಗೂ ಶೇಕಡಾ 5ರ ಮಿತಿ ಇತ್ತು. ಹಾಗಾಗಿ ದುಡ್ಡು ಬಂದದ್ದು ಪಾಲುದಾರರಿಂದ. ಸ್ಯಾಮ್ಯುಯಲ್ ನೀಡ್, ಜೆಡಿಡಯಾ ಸ್ಟ್ರಟ್ ಇಬ್ಬರೂ ಕಾಲುಚೀಲದ ವ್ಯಾಪಾರದವರು. ಅವರಿಗೇ ಒಳ್ಳೆಯ ನೂಲು ಬೇಕಿತ್ತು, ಅದಕ್ಕೇ ದುಡ್ಡು ಹಾಕಿದರು. ಲಾಭ ಬಂದಂತೆ ಅದನ್ನೇ ಮುಂದಿನ ಗಿರಣಿಗೆ ಹಾಕುತ್ತಾ ಹೋದರು. ಕಟ್ಟಡ, ಚಕ್ರ, ಯಂತ್ರ ಒಂದು ಬಗೆ. ಅರಳೆಯ ಮೂಟೆ, ವಾರದ ಕೂಲಿಯ ದುಡ್ಡು ಇನ್ನೊಂದು ಬಗೆ. ಈ ಎರಡನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಸಂಘಟನೆಗೆ ಬಂದಾಗ "ಆರ್ಕ್‌ರೈಟ್ ಯಂತ್ರ ಕಂಡುಹಿಡಿದ" ಅಂತ ಬರೆದು ನಿಲ್ಲಿಸಬೇಡಿ. ಅವನು ಮೊದಲು ಕ್ಷೌರಿಕ, ವಿಗ್ ಮಾಡುತ್ತಿದ್ದವನು. ಯಂತ್ರದ ಮೂಲ ತನ್ನದು ಅಂತ ಥಾಮಸ್ ಹೈಸ್ ಕೋರ್ಟಿನಲ್ಲಿ ಹೇಳಿದ. 1785ರಲ್ಲಿ ಆರ್ಕ್‌ರೈಟ್‌ನ ಪೇಟೆಂಟ್ ರದ್ದಾಯಿತು. ಹಾಗಾದರೆ ಅವನು ಮಾಡಿದ್ದೇನು? ನೀರು, ಜಾಗ, ಗಡಿಯಾರದವರ ಕೈಚಳಕ, ಕಾಲುಚೀಲದವರ ದುಡ್ಡು, ಮಕ್ಕಳ ಬೆರಳು, ಎಲ್ಲವನ್ನೂ ಒಂದು ಗೇಟಿನೊಳಗೆ ತಂದ. ಹಿಂಜುವುದರಿಂದ ನೂಲುವವರೆಗೆ ಒಂದರ ಹಿಂದೆ ಒಂದು ಯಂತ್ರ ನಿಲ್ಲುವಂತೆ ಮಾಡಿದ. 1774ರಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಪೂರ್ತಿ ಹತ್ತಿಯ ಬಟ್ಟೆಗೆ ಪಾರ್ಲಿಮೆಂಟಿನಿಂದ ಅನುಮತಿ ಸಿಗುವ ಹಾಗೆ ಅವನ ಕಡೆಯವರು ಮನವಿ ಮಾಡಿ ಗೆದ್ದರು. ಬೇರೆಯವರಿಗೆ ಯಂತ್ರದ ಪರವಾನಗಿ ಕೊಡುವಾಗ ಸಾವಿರ ಕದಿರಿನ ಲೆಕ್ಕದಲ್ಲೇ ಕೊಡುತ್ತಿದ್ದ. ಇದು ಬಹಳ ಮುಖ್ಯ. ಕದಿರು ಕಡಿಮೆ ಮಾಡಿದರೆ ಆ ಯಂತ್ರವನ್ನೂ ಚಿಕ್ಕದಾಗಿ ಕಟ್ಟಬಹುದಿತ್ತು. ಪರವಾನಗಿಯ ಷರತ್ತೇ ಅದನ್ನು ಮನೆಯೊಳಗೆ ಬರದಂತೆ ತಡೆಯಿತು. ಗಿರಣಿ ದೊಡ್ಡದಾಗಲು ನೀರಿನ ಬಲ ಎಷ್ಟು ಕಾರಣವೋ, ಯಾರ ಹಿಡಿತ ಇರಬೇಕು ಅನ್ನುವ ಲೆಕ್ಕವೂ ಅಷ್ಟೇ ಕಾರಣ ಅಂತ ನಾನು ನಂಬುತ್ತೇನೆ.

ಒಂದನ್ನು ತೆಗೆದು ನೋಡಿ

ಹಾಳೆ ತುಂಬಿದ ಮೇಲೆ ನಾಲ್ಕರಲ್ಲಿ ಒಂದನ್ನು ಕೈಯಿಂದ ಮುಚ್ಚಿ, ಏನಾಗುತ್ತದೆ ಕೇಳಿಕೊಳ್ಳಿ.

ನೀರು ಮುಚ್ಚಿ. ಅದರ ಜಾಗಕ್ಕೆ ಉಗಿ ತನ್ನಿ. 1785ರಲ್ಲಿ ಪೇಪಲ್‌ವಿಕ್‌ನ ಹತ್ತಿ ಗಿರಣಿಯಲ್ಲಿ ಬೋಲ್ಟನ್ ಮತ್ತು ವಾಟ್ ಅವರ ಉಗಿಯಂತ್ರ ಬಂತು. ನೀರಿನ ಗಿರಣಿ ಹಳ್ಳದ ಹತ್ತಿರ ಹೋಗಿ ಜನರನ್ನು ಕರೆಯಬೇಕಿತ್ತು. ಉಗಿಯ ಗಿರಣಿ ಜನ ಮತ್ತು ಕಲ್ಲಿದ್ದಲು ಇರುವಲ್ಲಿಗೇ ಹೋಗಬಹುದು. ಮ್ಯಾಂಚೆಸ್ಟರಿಗೆ 1761ರಿಂದಲೇ ಬ್ರಿಜ್‌ವಾಟರ್ ಕಾಲುವೆಯಲ್ಲಿ ಕಲ್ಲಿದ್ದಲು ಬರುತ್ತಿತ್ತು, ಬೆಲೆ ಅರ್ಧಕ್ಕೆ ಇಳಿದಿತ್ತು. 1801ರಲ್ಲಿ ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿದ್ದ ಆ ಊರಿನ ಜನಸಂಖ್ಯೆ 1851ಕ್ಕೆ ಸುಮಾರು 3 ಲಕ್ಷ ಆಯಿತು.

ಇನ್ನು ಹತ್ತಿ ಮುಚ್ಚಿ. ಇದು ನಿಜವಾಗಿಯೇ ನಡೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು. ಬ್ರಿಟನ್‌ಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲಿಯದೇ. ಲ್ಯಾಂಕಶೈರಿನಲ್ಲಿ ಯಂತ್ರ ಇತ್ತು, ಉಗಿ ಇತ್ತು, ಕೈಗಳು ಇದ್ದವು, ಮಾಲೀಕರ ಹತ್ತಿರ ದುಡ್ಡೂ ಇತ್ತು. ಗಿರಣಿಗಳು ನಿಂತವು. ಲಕ್ಷಾಂತರ ಜನ ಪರಿಹಾರದ ಕಾಸಿಗೆ ಕೈಚಾಚಬೇಕಾಯಿತು. ಆಗ ಭಾರತದ ಹತ್ತಿಯನ್ನು ಸೂರತ್ ಎಂಬ ಹೆಸರಿನಲ್ಲಿ ತರಿಸಿದರು. ಅದರ ಎಳೆ ಗಿಡ್ಡ. ಅಮೆರಿಕದ ಉದ್ದ ಎಳೆಗೆ ಹೊಂದಿಸಿಟ್ಟ ಯಂತ್ರಗಳಲ್ಲಿ ನೂಲು ಮತ್ತೆ ಮತ್ತೆ ಕಡಿಯುತ್ತಿತ್ತು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ದಿನವಿಡೀ ಗಂಟು ಹಾಕುವುದೇ ಆಯಿತು. ಯಾಕೆ ಕಡಿಯುತ್ತದೆ ಅಂತ ನಿಮಗೆ ಈಗ ಯಾರೂ ಹೇಳಬೇಕಿಲ್ಲ. ಬೆರಳುಗಳ ನಡುವಿನ ಅಂತರ ಜಾಸ್ತಿಯಾದಾಗ ಆ ಚಿಟಿಕೆ ಹತ್ತಿ ಏನಾಯಿತು, ನೆನಪಿಸಿಕೊಳ್ಳಿ.

ಈಗ ನೀವೇ ಒಂದನ್ನು ಮಾಡಿ

ಕ್ರಾಮ್‌ಫರ್ಡ್ ಮುಗಿದ ಮೇಲೆ ನಾನು ಮಕ್ಕಳಿಗೆ ಡರ್ಬಿಯ ರೇಷ್ಮೆ ಗಿರಣಿ ಕೊಡುತ್ತೇನೆ. ಲೋಂಬ್ ಸಹೋದರರು ಅದನ್ನು 1721ರಲ್ಲಿ ಮುಗಿಸಿದರು. ಅದೇ ಡರ್ವೆಂಟ್ ನದಿ, ಅದೇ ನೀರಿನ ಚಕ್ರ, ಹಲವು ಅಂತಸ್ತು, ಒಂದೇ ಸೂರಿನಡಿ ನೂರಾರು ಜನ. ಕ್ರಾಮ್‌ಫರ್ಡ್‌ಗಿಂತ ಸರಿಯಾಗಿ 50 ವರ್ಷ ಮೊದಲು. ಯಂತ್ರದ ವಿನ್ಯಾಸ ಇಟಲಿಯಿಂದ ಬಂದದ್ದು. ಥಾಮಸ್ ಲೋಂಬ್‌ನ ಪೇಟೆಂಟ್ 1732ರಲ್ಲಿ ಮುಗಿದಾಗ ಪಾರ್ಲಿಮೆಂಟ್ ಅವನಿಗೆ 14,000 ಪೌಂಡ್ ಕೊಟ್ಟಿತು.

ಹಾಗಿದ್ದೂ ಅಲ್ಲಿಂದ ಗಿರಣಿಗಳ ಸಾಲು ಹುಟ್ಟಲಿಲ್ಲ. ಯಾಕೆ? ಹೊಸ ಹಾಳೆ ತೆಗೆದುಕೊಳ್ಳಿ, ನಡುವೆ ಡರ್ಬಿ, 1721 ಅಂತ ಬರೆಯಿರಿ. ನಾಲ್ಕನ್ನೂ ಸುತ್ತ ತುಂಬಿಸಿ. ಕಚ್ಚಾ ರೇಷ್ಮೆ ಎಲ್ಲಿಂದ ಬರಬೇಕಿತ್ತು, ರೇಷ್ಮೆ ಉಡುವವರು ಎಷ್ಟು ಜನ ಇದ್ದರು, ಈ ಎರಡನ್ನು ಮೊದಲು ಬರೆಯಿರಿ. ಆಮೇಲೆ ಕ್ರಾಮ್‌ಫರ್ಡ್ ಹಾಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.